ಮಿರಗದ ನೆರೆಯಲ್ಲಿ ಚುಕ್ಕಿಗಳ ಹುಟ್ಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ ಮಿರಗ ಎಂದರೆ ಜೂನ್ ತಿಂಗಳ ಮಳೆ. ಆಗ ಸೂರ್ಯ ಮೃಗಶಿರ ನಕ್ಷತ್ರದಲ್ಲಿರುವುದರಿಂದ ಆಕಾಶದ ಆ ಭಾಗ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ಹಿಂಗಾರಿ ಜೋಳ ತೆನೆಗಟ್ಟುವ ಜನವರಿಯಲ್ಲಿ ಅದೇ ಭಾಗ ಸಂಜೆಗೆ ಮೂಡಣದಲ್ಲಿ ಏರಿ ಬರುತ್ತದೆ. ಸಾಲಾಗಿ ನಿಂತ ಮೂರು ಚುಕ್ಕಿಗಳ ಹತ್ತಿರ ಮಸುಕಾದೊಂದು ಮಚ್ಚೆ ಬರಿಗಣ್ಣಿಗೇ ಕಾಣುತ್ತದೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಮಹಾವ್ಯಾಧ ನೀಹಾರಿಕೆ ಅದು. ಅಲ್ಲಿ ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ. ಆದರೆ ಆ ಹುಟ್ಟು ಯಾವುದೇ ಒಂದು ಚಿತ್ರದಲ್ಲಿ ಸಿಗುವಂಥದ್ದಲ್ಲ, ಹಲವು ಬಗೆಯ ಬೆಳಕನ್ನು ಜೋಡಿಸಿ ಕಂಡುಕೊಳ್ಳಬೇಕಾದದ್ದು.

ಸೂರ್ಯನಂಥ ನಕ್ಷತ್ರ ಪಕ್ವವಾಗಲು ಸುಮಾರು 5 ಕೋಟಿ ವರ್ಷ ಬೇಕು, ಅದನ್ನು ಕಂಡವರಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೇರೆಬೇರೆ ವಾರ ಬಿತ್ತಿದ ಎರೆ ಹೊಲಗಳನ್ನು ಒಂದೇ ದಿನ ಸುತ್ತಿದರೆ ಮೊಳಕೆ, ಸುಳಿ, ತೆನೆ ಎಲ್ಲವೂ ಕಂಡು ಜೋಳದ ಬದುಕು ತಿಳಿಯುತ್ತದಲ್ಲ, ನೀಹಾರಿಕೆಯಲ್ಲೂ ಹಾಗೆಯೇ. ಮೈನಸ್ 263 ಡಿಗ್ರಿಯಷ್ಟು ತಣ್ಣಗಿನ ಹೈಡ್ರೋಜನ್ ಗಂಟುಗಳು ಒಂದೆಡೆ. ತಮ್ಮ ತೂಕಕ್ಕೆ ತಾವೇ ಕುಸಿದು ಕಾಯುತ್ತಿರುವ ಎಳೆ ಚುಕ್ಕಿಗಳು ಇನ್ನೊಂದೆಡೆ. ಗರ್ಭದ ಶಾಖ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ. ಕುಸಿಯುವ ಅನಿಲ ಗಿರಗಿರನೆ ತಿರುಗುವುದರಿಂದ ಎಲ್ಲವೂ ನಡುವಿಗೆ ಬೀಳದೆ ಸುತ್ತಲೂ ತಟ್ಟೆಯಾಗಿ ಹರಡುತ್ತದೆ. 1990ರ ದಶಕದಲ್ಲಿ ಹಬಲ್ ದೂರದರ್ಶಕ ಇಂಥ ತಟ್ಟೆಗಳನ್ನು ಇದೇ ನೀಹಾರಿಕೆಯಲ್ಲಿ ತೋರಿಸಿತು. ಕೆಲವು ಹೊಳೆಯುವ ಅನಿಲದ ಮುಂದೆ ಕಪ್ಪು ಬಿಲ್ಲೆಗಳಂತೆ ನಿಂತಿವೆ. ಊಹೆಯಾಗಿದ್ದ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಚಿತ್ರಗಳ ಬಣ್ಣ ಮನುಷ್ಯರೇ ಹಚ್ಚಿದ್ದು, ನಂಬುವುದು ಹೇಗೆ ಎಂಬ ಆಕ್ಷೇಪವೂ ಇದೆ. ಬಣ್ಣ ಹಚ್ಚಿದ್ದು ನಿಜ, ಬೆಳಕನ್ನು ಸೃಷ್ಟಿಸಿದ್ದಲ್ಲ. ಧೂಳಿನ ಕಣಗಳು ಕಣ್ಣಿಗೆ ಕಾಣುವ ಬೆಳಕನ್ನು ಚದುರಿಸುತ್ತವೆ. ಅವುಗಳಿಗಿಂತ ಉದ್ದ ಅಲೆಯ ಅವಗೆಂಪು ಬೆಳಕು ನುಸುಳಿ ಬರುತ್ತದೆ. 2021ರ ಡಿಸೆಂಬರ್ 25ರಂದು ಹಾರಿದ, 6.5 ಮೀಟರ್ ಕನ್ನಡಿಯ ಜೇಮ್ಸ್ ವೆಬ್ ದೂರದರ್ಶಕ ಹಿಡಿಯುವುದು ಅದನ್ನೇ. ಅದಕ್ಕೆ ಬಣ್ಣ ಕೊಡದಿದ್ದರೆ ನಮ್ಮ ಕಣ್ಣು ಕುರುಡು. ಇನ್ನೊಂದು ತುದಿಯ ನೇರಳಾತೀತ ಬೆಳಕಿನಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು, ಅದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ. 2015ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿದ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕದ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ. ಜೋಡಣೆ ನಡೆದದ್ದು ಹೊಸಕೋಟೆಯಲ್ಲಿ. ಆ ದೂರದರ್ಶಕ ಧೂಳಿನೊಳಗೆ ಇಣುಕಲಾರದು, ಆದರೆ ಧೂಳು ಸರಿಸಿ ಹೊರಬಂದ ಬಿಸಿ ಚುಕ್ಕಿಗಳನ್ನು ಎತ್ತಿ ತೋರಿಸುತ್ತದೆ. ಅಂಥ ಚುಕ್ಕಿಗಳ ನೇರಳಾತೀತ ಕಿರಣಗಳೇ ಮಹಾವ್ಯಾಧ ನೀಹಾರಿಕೆಯನ್ನು ಬೆಳಗಿಸುತ್ತಿರುವುದು. ನೆರೆಯ ಎಳೆ ಚುಕ್ಕಿಗಳ ತಟ್ಟೆಯ ಅನಿಲವನ್ನು ಕಾಯಿಸಿ ಹಾರಿಸುತ್ತಿರುವುದೂ ಅವೇ.