ಅಂಗಡಿಯ ಹೆಸರಿಗೆ ಎಂಥ ಅಕ್ಷರ?

ವ್ಯಾಪಾರವೆಂದರೆ ಬಂಡವಾಳ, ಸರಕು ಮತ್ತು ಶ್ರಮ ಈ ಮೂರರ ಲೆಕ್ಕವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಗಿರಾಕಿಯು ಸರಕನ್ನು ಕೈಯಲ್ಲಿ ಹಿಡಿಯುವುದಕ್ಕೆ ಮುನ್ನ ಅಂಗಡಿಯ ಹೆಸರನ್ನು ಓದಿರುತ್ತಾನೆ. ಆ ಹೆಸರನ್ನು ಎಂಥ ಅಕ್ಷರಗಳಲ್ಲಿ ಬರೆಸಲಾಗಿದೆ ಎಂಬುದರಿಂದಲೇ ಅವನ ಮೊದಲ ಅಭಿಪ್ರಾಯ ರೂಪುಗೊಳ್ಳುತ್ತದೆ. ಹೀಗಿದ್ದರೂ ಸಣ್ಣ ಉದ್ಯಮಗಳ ಖರ್ಚಿನ ಅಂದಾಜುಪಟ್ಟಿಯಲ್ಲಿ ಗ್ರೈಂಡರು, ಒಲೆ, ಪಾತ್ರೆಗಳೆಲ್ಲ ಮುಗಿದ ಮೇಲೆ ನಾಮಫಲಕಕ್ಕೆ ಸ್ಥಾನ. ಅದರ ಅಕ್ಷರದ ವಿಚಾರಕ್ಕಂತೂ ಸ್ಥಾನವೇ ಇಲ್ಲ.

ಪುಣೆಯ ವಿಮಾನ ನಗರವನ್ನೇ ತೆಗೆದುಕೊಳ್ಳಬಹುದು. ಲೋಹಗಾಂವ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಯಲ್ಲಿ ಕಛೇರಿಗಳಿವೆ, ಕಾಲೇಜುಗಳಿವೆ, 2011ರಲ್ಲಿ ತೆರೆದ ಫೀನಿಕ್ಸ್ ಮಾರ್ಕೆಟ್‌ಸಿಟಿಯಂಥ ಭಾರೀ ಮಳಿಗೆಯೂ ಇದೆ. ನಾನಾ ರಾಜ್ಯಗಳ ಜನ ಇಲ್ಲಿ ನೆರೆಹೊರೆಯವರು. ಇಲ್ಲಿ ನೆಲೆಸಿದ ಕನ್ನಡ ಗೃಹಿಣಿಯೊಬ್ಬರು ಚಕ್ಕುಲಿ, ಕೋಡುಬಳೆ, ಶೇಂಗಾ ಚಟ್ನಿಪುಡಿಗಳನ್ನು ಮಾಡಿ ಮಾರಲು ಒಂದು ಪುಟ್ಟ ಮಳಿಗೆ ಹಿಡಿದರೆಂದು ಊಹಿಸಿಕೊಳ್ಳಬಹುದು. ತಿಂಡಿಯ ಅಂಗಡಿಗೆ ಗಂಭೀರವಾದ ಕಛೇರಿಯ ಅಕ್ಷರ ಒಪ್ಪುವುದಿಲ್ಲ. ದುಂಡಗೆ, ತುಸು ಕುಣಿಯುವಂತಿರುವ ವಿನೋದದ ಅಕ್ಷರವೇ ಅವರ ಮನಸ್ಸಿಗೆ ಬರುತ್ತದೆ. ಆ ಅಪೇಕ್ಷೆ ಸಹಜವಾದದ್ದು. ಅಕ್ಷರ ಎಲ್ಲಿ ಕುಣಿಯಬೇಕು, ಎಲ್ಲಿ ಕುಣಿಯಬಾರದು ಎಂಬ ವಿವೇಕ ಮಾತ್ರ ಅದರೊಡನೆ ಇರಬೇಕು.

ಮೂರು ಲಿಪಿಗಳ ಸಂಸಾರ

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ, ಸಣ್ಣ ಅಂಗಡಿಗಳೂ ನಾಮಫಲಕವನ್ನು ದೇವನಾಗರಿ ಲಿಪಿಯ ಮರಾಠಿಯಲ್ಲಿ ಬರೆಸಬೇಕು. ಬೇರೆ ಭಾಷೆಗಳನ್ನೂ ಬಳಸಬಹುದು; ಆದರೆ ಮರಾಠಿಯು ಮೊದಲಿಗೆ ಬರಬೇಕು, ಅದರ ಅಕ್ಷರ ಉಳಿದ ಯಾವ ಲಿಪಿಗಿಂತಲೂ ಚಿಕ್ಕದಿರಬಾರದು. ಆದ್ದರಿಂದ ಕನ್ನಡಿಗನ ಫಲಕದಲ್ಲಿ ಮರಾಠಿ, ಕನ್ನಡ, ಇಂಗ್ಲಿಷ್ ಮೂರೂ ಕೂಡಿ ಬಾಳಬೇಕಾಗುತ್ತದೆ. ಒಂದೊಂದು ಲಿಪಿಗೆ ಒಂದೊಂದು ಬಗೆಯ ಅಕ್ಷರ ಆರಿಸಿದರೆ ಫಲಕವು ಮೂರು ಅಂಗಡಿಗಳ ಹೆಸರನ್ನು ಒಟ್ಟಿಗೆ ಹಚ್ಚಿದಂತೆ ಕಾಣುತ್ತದೆ.

ಈ ತೊಡಕಿಗೆ ಮುಂಬಯಿಯ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ತಂಡ ಒಂದು ಸೊಗಸಾದ ಪರಿಹಾರ ಒದಗಿಸಿದೆ. ಅವರ ‘ಬಲೂ’ ದಪ್ಪನೆಯ, ಮೂಲೆಗಳು ಮೆತ್ತಗಾದ, ಮಕ್ಕಳಿಗೂ ಪ್ರಿಯವಾಗುವ ಫಾಂಟು. ದೇವನಾಗರಿಯ ‘ಬಲೂ’ವಿಗೆ ಕನ್ನಡದಲ್ಲಿ ಒಡಹುಟ್ಟಿದವನು ‘ಬಲೂ ತಮ್ಮ’. ತೆಲುಗಿನಲ್ಲಿ ‘ತಮ್ಮುಡು’, ತಮಿಳಿನಲ್ಲಿ ‘ತಂಬಿ’, ಮಲೆಯಾಳದಲ್ಲಿ ‘ಚೇಟ್ಟನ್’. ಲಿಪಿ ಬೇರೆಯಾದರೂ ಮೈಕಟ್ಟು ಒಂದೇ. ರೋಮನ್ ಅಕ್ಷರಗಳೂ ಜೊತೆಯಲ್ಲೇ ದೊರೆಯುತ್ತವೆ.

ಕನ್ನಡದ ಸೊಗಡೇ ಮುಖ್ಯವೆನ್ನುವವರಿಗೆ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ’ ಇದೆ. ಶಿವರಾಮ ಕಾರಂತರ ‘ಚಿಗುರಿದ ಕನಸು’ ಕಾದಂಬರಿಯ ಮುಖಪುಟದ ಅಕ್ಷರಗಳಿಂದ ಇದು ಸ್ಫೂರ್ತಿ ಪಡೆದಿದೆ. ಆದರೆ ಇದರಲ್ಲಿ ದೇವನಾಗರಿ ಇಲ್ಲವಾದ್ದರಿಂದ ಮರಾಠಿಯ ಸಾಲಿಗೆ ಹೊಂದುವ ಅಕ್ಷರವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಹೆಸರನ್ನು ಆರಿಸುವಾಗಲೇ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮರಾಠಿಯ ಬರವಣಿಗೆಯಲ್ಲಿ ‘ಳ’ಕಾರವುಂಟು, ಆದರೆ ಎ-ಏ, ಒ-ಓಗಳ ಹ್ರಸ್ವ ದೀರ್ಘ ಭೇದವಿಲ್ಲ. ‘ಕೊಡು’ ಮತ್ತು ‘ಕೋಡು’ ಎರಡೂ ಅಲ್ಲಿ ಒಂದೇ ರೂಪ ತಾಳುತ್ತವೆ. ಲಿಪಿ ಬದಲಾದರೂ ಅರ್ಥ ಕೆಡದ ಹೆಸರು ಕ್ಷೇಮಕರ.

ಒಪ್ಪಿಗೆಗೆ ಮುನ್ನ ಪರೀಕ್ಷೆ

ಗಣಕಯಂತ್ರದ ಪರದೆಯ ಮೇಲೆ ಚೆಂದವಾಗಿ ಕಂಡದ್ದೆಲ್ಲ ಬೀದಿಯಲ್ಲಿ ಚೆಂದ ಕಾಣುವುದಿಲ್ಲ. ಕನ್ನಡದ ‘ಪ’ದ ಒಳಗೆ ಗೆರೆ ಎಳೆದರೆ ಹೊಟ್ಟೆ ಸೀಳಿದ ‘ಷ’ ಆಗುತ್ತದೆ. ಅಕ್ಷರ ಬಹಳ ದಪ್ಪವಾದರೆ ಆ ಹೊಟ್ಟೆಯೇ ತುಂಬಿಹೋಗಿ ‘ಷ’ ಯಾವುದು, ‘ಪ’ ಯಾವುದು ತಿಳಿಯದು. ‘ದ-ಧ’, ‘ಬ-ಭ’ಗಳ ಅಂತರವಾದರೋ ಇನ್ನೂ ಸೂಕ್ಷ್ಮ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಸಾಕಷ್ಟು ಎಡೆ ಬಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಅಳತೆಯ ವಿಷಯದಲ್ಲಿ ಫಲಕ ಮಾಡುವವರ ರೂಢಿಯ ಲೆಕ್ಕವೊಂದಿದೆ: 10 ಅಡಿ ದೂರಕ್ಕೆ ಅಕ್ಷರದ ಎತ್ತರ 1 ಅಂಗುಲ. 30 ಅಡಿ ಅಗಲದ ರಸ್ತೆಯ ಆಚೆಯಿಂದ ಸುಲಭವಾಗಿ ಓದಿಸಬೇಕಾದರೆ 3 ಅಂಗುಲವಾದರೂ ಬೇಕು. ಕನ್ನಡದಲ್ಲಿ ಈ ಅಳತೆಗೆ ಒತ್ತನ್ನು ಸೇರಿಸದೆ ಮೂಲಾಕ್ಷರವನ್ನಷ್ಟೇ ಎಣಿಸುವುದು ಒಳಿತು. ಫಲಕ ಮಾಡಿಸುವ ಮೊದಲು ಹೆಸರನ್ನು ಕಾಗದದ ಮೇಲೆ ಮುದ್ರಿಸಿ, ಎದುರು ಬದಿಯಲ್ಲಿ ನಿಂತು, ಆ ಹೆಸರನ್ನು ಮುಂಚೆ ಕೇಳದವರೊಬ್ಬರಿಂದ ಓದಿಸಬೇಕು. ಅವರು ತಡವರಿಸಿದರೆ ಅಕ್ಷರ ಬದಲಾಗಲೇಬೇಕು.

ಪೊಟ್ಟಣದ ಮೇಲೆ ವಿನೋದ ಸಲ್ಲದು

ತಿಂಡಿಯ ಪೊಟ್ಟಣದ ವಿಷಯಕ್ಕೆ ಬಂದಾಗ ಅಕ್ಷರವು ಆರೋಗ್ಯದ ಪ್ರಶ್ನೆಯಾಗುತ್ತದೆ. ಶೇಂಗಾ ಒಗ್ಗದವರಿಗೆ ಚಟ್ನಿಪುಡಿಯ ಒಂದು ಚಮಚ ಪ್ರಾಣಾಪಾಯ ತರಬಲ್ಲುದು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕಿದೆಯೋ ಇಲ್ಲವೋ ಎಂಬುದು ತಿಳಿಯಬೇಕು. 2020ರ ಆಹಾರ ಲೇಬಲು ನಿಯಮಗಳ ಪ್ರಕಾರ ಪದಾರ್ಥಗಳ ಪಟ್ಟಿ, ಒಗ್ಗದಿಕೆ ಉಂಟುಮಾಡುವ ವಸ್ತುಗಳ ಸೂಚನೆ, ತಯಾರಿಸಿದ ದಿನಾಂಕ, ಬಳಸಬಹುದಾದ ಅವಧಿ ಮೊದಲಾದವನ್ನು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿಯ ಹಿಂದಿಯಲ್ಲಿ ನಮೂದಿಸಬೇಕು. ಕನ್ನಡವನ್ನು ಅದರ ಜೊತೆಗೆ ಸೇರಿಸಬಹುದು.

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರವು ಬಾಗುವ ಗುಣ ಕಳೆದುಕೊಂಡು ಹತ್ತಿರದ ಸಣ್ಣ ಅಕ್ಷರ ಮಸುಕಾಗುತ್ತದೆ. ಅದಕ್ಕೆಂದೇ ನಮ್ಮ ಜನ ಕನ್ನಡಕಕ್ಕೆ ‘ಚಾಳೀಸು’ ಎಂದರು. ಅಂಥ ಕಣ್ಣಿಗೆ ಕುಣಿಯುವ ಅಕ್ಷರದ 3, 6, 8ಗಳು ಒಂದೇ ತರಹ ಕಾಣಬಹುದು, ದಿನಾಂಕವೇ ತಪ್ಪಿಹೋಗಬಹುದು. ಆದುದರಿಂದ ಹೆಸರು ಮಾತ್ರ ವಿನೋದದ ಅಕ್ಷರದಲ್ಲಿರಲಿ. ಬೆಲೆ, ದಿನಾಂಕ, ಪದಾರ್ಥ, ದೂರವಾಣಿ ಸಂಖ್ಯೆಗಳು ಬಿಳಿಯ ಮೇಲೆ ಕಪ್ಪಾಗಿ, ನೆಟ್ಟಗಿನ ಸರಳ ಅಕ್ಷರದಲ್ಲಿರಲಿ.

ಹಕ್ಕು ಮತ್ತು ಲೆಕ್ಕ

ಅಂತರಜಾಲದಲ್ಲಿ ಬಿಟ್ಟಿಯಾಗಿ ದೊರೆಯುವ ಫಾಂಟುಗಳೆಲ್ಲ ವ್ಯಾಪಾರಕ್ಕೆ ಸಲ್ಲುವುದಿಲ್ಲ; ಕೆಲವು ಸ್ವಂತ ಬಳಕೆಗೆ ಮಾತ್ರ. ಪರವಾನಗಿಯ ಷರತ್ತನ್ನು ಓದಿಯೇ ಬಳಸತಕ್ಕದ್ದು. ಮೇಲೆ ಹೇಳಿದ ಬಲೂ ಮತ್ತು ಅಕಾಯ ಮುಕ್ತ ಪರವಾನಗಿಯವು. ಫಲಕಕ್ಕೂ ಪೊಟ್ಟಣಕ್ಕೂ ಶುಲ್ಕವಿಲ್ಲದೆ ಬಳಸಬಹುದು. ಇವು ಯೂನಿಕೋಡ್ ಕ್ರಮದವೂ ಆಗಿವೆ. ಹಳೆಯ ಕ್ರಮದ ಫಾಂಟಿನಲ್ಲಿ ಅಚ್ಚು ಮಾಡಿದ ಹೆಸರನ್ನು ಮೊಬೈಲಿಗೆ ಕಳಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗಿಬಿಡುವುದುಂಟು.

1999ರ ಟ್ರೇಡ್‌ಮಾರ್ಕ್ ಕಾಯಿದೆಯಂತೆ ಹೆಸರಿನ ನೋಂದಣಿ 10 ವರ್ಷ ಊರ್ಜಿತ, ಮುಂದೆ ನವೀಕರಿಸಬಹುದು. ಹೆಸರನ್ನು ಬರಿಯ ಪದವಾಗಿ ನೋಂದಾಯಿಸಿದರೆ ಅಕ್ಷರದ ರೂಪ ಬದಲಾದರೂ ರಕ್ಷಣೆ ಉಳಿಯುತ್ತದೆ. ಚಿತ್ರರೂಪದ ಲಾಂಛನವಾಗಿ ನೋಂದಾಯಿಸಿದರೆ ರಕ್ಷಣೆ ಆ ರೂಪಕ್ಕೆ ಅಂಟಿಕೊಂಡಿರುತ್ತದೆ. ಅಕ್ಷರವನ್ನು ಪೂರ್ತಿ ಬದಲಿಸಿದಾಗ ಹೊಸ ಅರ್ಜಿ, ಹೊಸ ಶುಲ್ಕ. ಜೊತೆಗೆ ಫಲಕ, ಪೊಟ್ಟಣ, ರಸೀದಿ ಪುಸ್ತಕ ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಬೇಕು. ಮೊದಲ ವರ್ಷದ ಅಲ್ಪ ಲಾಭ ಇದರಲ್ಲಿಯೇ ಕರಗಿಹೋಗಬಾರದಷ್ಟೆ.

ಪುಣೆಯಲ್ಲಿ ಮರಾಠಿಯ ಸಾಲನ್ನು ಕಾನೂನು ಬೇಡುತ್ತದೆ, ಇಂಗ್ಲಿಷ್ ಸಾಲನ್ನು ವ್ಯಾಪಾರ ಬೇಡುತ್ತದೆ. ಕನ್ನಡದ ಸಾಲನ್ನು ಯಾರೂ ಬೇಡುವುದಿಲ್ಲ. ಅದು ಅಂಗಡಿಯವರು ಅಭಿಮಾನದಿಂದ ಬರೆಸುವಂಥದು. ಇಲ್ಲಿಯೇ ಹುಟ್ಟಿ, ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಮಕ್ಕಳಿಗೆ ಬೀದಿಯಲ್ಲಿ ಕಾಣಸಿಗುವ ಕನ್ನಡ ಅಕ್ಷರಗಳು ಬೆರಳೆಣಿಕೆಯಷ್ಟು. ಆ ಮಕ್ಕಳು ತಾಯಿಯ ಕೈ ಹಿಡಿದು ಹೋಗುವಾಗ ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲಂತೆ ಆ ಸಾಲನ್ನು ಬರೆಸುವುದು ಉಚಿತ.