ಸ್ಟೆಂಟಿನ ಬಳಿಕವೂ ಉಳಿಯುವ ಎದೆನೋವು

ಮಗ್ಗದ ಸದ್ದು ನಿಂತರೆ ಒಲೆಯೂ ತಣ್ಣಗಾಗುವುದೆಂಬುದನ್ನು ಸಿರುಮುಗೈಯವರಾದ ನಾವೆಲ್ಲರೂ ಬಲ್ಲೆವು. ಆದುದರಿಂದಲೇ ಸ್ಟೆಂಟ್ ಇರಿಸಿಕೊಂಡು ಬಂದ ನೇಕಾರನು, ಮತ್ತೆ ಎದೆ ಬಿಗಿದರೂ, ಖರ್ಚಿಗೆ ಹೆದರಿ ಬಾಯಿಬಿಡುವುದಿಲ್ಲ. ಈ ಮೌನವು ಅಪಾಯಕರ.

೧೯೮೬ರಲ್ಲಿ ಮೊದಲಬಾರಿಗೆ ಮಾನವಹೃದಯದ ಧಮನಿಯಲ್ಲಿ ಇರಿಸಲಾದ ಸ್ಟೆಂಟ್ ಎಂಬುದು ಲೋಹದ ಜಾಲಕೊಳವೆ. ಅದು ದೊಡ್ಡ ನಾಳದ ಒಂದು ಸ್ಥಳವನ್ನು ಮಾತ್ರ ತೆರೆದಿಡುತ್ತದೆ. ಭವಾನಿಸಾಗರದ ಕಾಲುವೆಯಲ್ಲಿ ನೀರಿದ್ದರೂ ಗದ್ದೆಯ ಕಿರುಗಾಲುವೆಗಳು ಕಟ್ಟಿಕೊಂಡರೆ ಪೈರು ಬಾಡುವಂತೆ, ಹೃದಯದ ಕಿರುನಾಳಗಳು ಹಿಗ್ಗದಿದ್ದರೆ ರಕ್ತ ಸಾಲದು. ಆಂಜಿಯೋಗ್ರಾಂ ಚಿತ್ರದಲ್ಲಿ ಈ ಕಿರುನಾಳಗಳು ಕಾಣವು.

ಆದಕಾರಣ ಚಿತ್ರದೊಡನೆ ಅಳತೆಯೂ ಬೇಕು. ವೈದ್ಯರು ಕೂದಲಿನಂಥ ತಂತಿಯನ್ನು ಧಮನಿಯೊಳಗೆ ಸೇರಿಸಿ, ಅಡೆನೊಸಿನ್ ಮದ್ದಿನಿಂದ ನಾಳಗಳನ್ನು ಹಿಗ್ಗಿಸಿ, ಸ್ಟೆಂಟಿನ ಆಚೆಗಿನ ಒತ್ತಡವನ್ನು ಮಹಾಧಮನಿಯ ಒತ್ತಡದೊಡನೆ ಹೋಲಿಸುವರು. ನಿರೋಗಿ ನಾಳದಲ್ಲಿ ಈ ಪ್ರಮಾಣ ೧ರ ಸಮೀಪವಿರುವುದು, ೦.೮೦ ಅಥವಾ ಅದಕ್ಕಿಂತ ಕಡಮೆಯಾದರೆ ದೊಡ್ಡ ನಾಳದಲ್ಲಿಯೇ ಗಣನೀಯವಾದ ತಡೆ ಇದೆಯೆಂದು ತಿಳಿಯುವರು. ಒತ್ತಡ ಸರಿಯಿದ್ದು, ಮದ್ದು ಕೊಟ್ಟಾಗಲೂ ರಕ್ತದ ಹರಿವು ಎರಡು ಪಟ್ಟಿಗೆ ಏರದಿದ್ದರೆ ಸಂದೇಹವು ಕಿರುನಾಳಗಳ ಮೇಲೆ. ನಾಳದ ಸೆಳೆತವನ್ನು ಅಸೆಟೈಲ್‌ಕೋಲಿನ್ ಎಂಬ ಮದ್ದಿನಿಂದ ಪರೀಕ್ಷಿಸುವರು. ದೊಡ್ಡ ನಾಳದ ತಡೆಗೆ ಮತ್ತೊಮ್ಮೆ ನಾಳ ತೆರೆಯಬೇಕಾಗಬಹುದು. ಕಿರುನಾಳದ ದೋಷಕ್ಕೂ ಸೆಳೆತಕ್ಕೂ ಬೇರೆ ಬೇರೆ ಔಷಧಿಗಳುಂಟು.

ಹೀಗಿರಲು, ಚಿತ್ರ ಚೆನ್ನಾಗಿದೆಯೆಂದು ನೋವನ್ನು ಮನಸ್ಸಿನ ಭ್ರಮೆಯೆಂದು ತಳ್ಳಬಾರದು. ಮಾತ್ರೆಗಳನ್ನು ತಾನಾಗಿ ನಿಲ್ಲಿಸಲೂ ಬಾರದು. ವಿಶ್ರಮಿಸಿದರೂ ನೋವು ತಗ್ಗದಿದ್ದರೆ, ಬೆವರಿದರೆ, ತಡಮಾಡದೆ ೧೦೮ಕ್ಕೆ ಕರೆಮಾಡಬೇಕು. ನಮ್ಮ ವಿದ್ಯಾರ್ಥಿಗಳು ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಿದರೆ, ಈ ಬರೆಹವು ಸಾರ್ಥಕವೆಂದು ಭಾವಿಸುವೆವು.