ರಕ್ತದೊಳಗಣ ಕುಡುಗೋಲು

ಮೈಸೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ನಾಗರಹೊಳೆಯ ಕಾಡು ಹಬ್ಬಿದೆ. ಆ ಕಾಡಿನ ಒಳಗೂ ಅದರ ಸೆರಗಿನಲ್ಲೂ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಯ ಕಡೆಗೆ ಸೇರಿದ ಅನೇಕ ಹಾಡಿಗಳಿವೆ. ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಮೊದಲಾದ ಗಿರಿಜನರು ಅಲ್ಲಿ ವಾಸಿಸುತ್ತಾರೆ. ಈ ಹಾಡಿಗಳ ಕೆಲವು ಮನೆಗಳಲ್ಲಿ ತಲೆಮಾರುಗಳಿಂದ ಒಂದು ಬೇನೆ ಕಾಣಿಸಿಕೊಳ್ಳುತ್ತ ಬಂದಿದೆ. ಹುಟ್ಟಿದಾಗ ಕೂಸು ಚೆನ್ನಾಗಿಯೇ ಇರುತ್ತದೆ. ಆರು ತಿಂಗಳು ಕಳೆದ ಮೇಲೆ ಯಾವ ಪೆಟ್ಟೂ ಬೀಳದೆ ಅದರ ಅಂಗೈ ಅಂಗಾಲುಗಳು ಊದಿಕೊಳ್ಳುತ್ತವೆ. ಮೈ ಬಿಳಿಚುತ್ತದೆ, ಕಣ್ಣು ಹಳದಿಗಟ್ಟುತ್ತದೆ. ಬೆಳೆದು ಓಡಾಡುವ ವಯಸ್ಸಿಗೆ ಬಂದಾಗ ಕೈಕಾಲು, ಬೆನ್ನು, ಎದೆಗಳ ಮೂಳೆಯನ್ನೇ ಹಿಂಡಿದಂತಹ ನೋವು ಆಗಾಗ ಬಂದು, ಕೆಲವು ದಿನ ಮಲಗಿಸಿ, ತಾನಾಗಿಯೇ ಹೊರಟುಹೋಗುತ್ತದೆ. ಮೈಮೇಲೆ ಗಾಯವಿಲ್ಲ, ಊತವೂ ಎಲ್ಲ ಸಲ ಇರುವುದಿಲ್ಲ. ಆದುದರಿಂದ ನೋವೆಂದು ಅಳುವ ಹುಡುಗನ ಮಾತನ್ನು ನಂಬದವರೇ ಹೆಚ್ಚು.

ಈ ಬೇನೆಗೆ ವೈದ್ಯರು ಕೊಟ್ಟಿರುವ ಹೆಸರು ಸಿಕಲ್ ಸೆಲ್ ಅನೀಮಿಯಾ, ಎಂದರೆ ಕುಡುಗೋಲು ಕಣದ ರಕ್ತಹೀನತೆ. ರಾಗಿ ಕೊಯ್ಯುವ ಕುಡುಗೋಲನ್ನು ಕಂಡವರಿಗೆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಆಕಾರ ರಕ್ತದೊಳಕ್ಕೆ ಹೇಗೆ ಬಂತೆಂಬುದೇ ತಿಳಿಯಬೇಕಾದ ಸಂಗತಿ.

ನಮ್ಮ ರಕ್ತದ ಒಂದೊಂದು ಘನ ಮಿಲಿಮೀಟರಿನಲ್ಲಿಯೂ ಸುಮಾರು 50 ಲಕ್ಷ ಕೆಂಪು ಕಣಗಳಿರುತ್ತವೆ. ನಡುವೆ ತುಸು ತಗ್ಗಾದ ಬಿಲ್ಲೆಯಂತಿರುವ ಇವು ಬಹಳ ಮೆದು. ತಮಗಿಂತ ಕಿರಿದಾದ ನಾಳದಲ್ಲಿಯೂ ಮಡಿಸಿಕೊಂಡು ನುಸುಳಬಲ್ಲವು. ಕಣದೊಳಗೆ ತುಂಬಿರುವ ಹಿಮೋಗ್ಲೋಬಿನ್ ಎಂಬ ವಸ್ತು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಲ್ಲಿ ಇಳಿಸುತ್ತದೆ. ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸರಪಳಿಗಳಿವೆ. ಅವುಗಳಲ್ಲಿ ಬೀಟಾ ಎಂಬ ಸರಪಳಿಯಲ್ಲಿ 146 ಕೊಂಡಿಗಳು. ಆರನೆಯ ಕೊಂಡಿ ಗ್ಲುಟಾಮಿಕ್ ಆಮ್ಲವಾಗಿರಬೇಕು. ಈ ರೋಗಿಗಳಲ್ಲಿ ಅದರ ಜಾಗದಲ್ಲಿ ವ್ಯಾಲೀನ್ ಎಂಬ ಬೇರೊಂದು ಕೊಂಡಿ ಕುಳಿತಿರುತ್ತದೆ. 146ರಲ್ಲಿ ಒಂದು ಬದಲಾದುದಕ್ಕೆ ಇಷ್ಟು ಅನರ್ಥ! ಆಮ್ಲಜನಕವನ್ನು ಇಳಿಸಿದ ಕೂಡಲೆ ಇಂತಹ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಸರಳುಗಳಾಗುತ್ತವೆ. ಸರಳುಗಳ ಒತ್ತಡಕ್ಕೆ ಸಿಕ್ಕ ಕಣ ಬಿರುಸಾಗಿ, ಬಾಗಿ, ಕುಡುಗೋಲಿನ ಆಕಾರ ತಾಳುತ್ತದೆ. ಸಣ್ಣ ನಾಳಗಳಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಹಿಂದೆ ಬರುವ ಕಣಗಳಿಗೂ ದಾರಿ ಕಟ್ಟುತ್ತದೆ. ನಾಲೆಗೆ ಕಸ ಸಿಕ್ಕಿಕೊಂಡರೆ ಕೊನೆಯ ಗದ್ದೆ ಒಣಗುವಂತೆ, ಅಲ್ಲಿಂದ ಮುಂದಿನ ಭಾಗಕ್ಕೆ ರಕ್ತವಿಲ್ಲದಾಗುತ್ತದೆ. ರೋಗಿ ಅನುಭವಿಸುವ ನೋವು ಇದೇ. ಸಹಜವಾದ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಕುಡುಗೋಲು ಕಣ ಹತ್ತಿಪ್ಪತ್ತು ದಿನಗಳಲ್ಲಿ ಒಡೆದುಹೋಗುತ್ತದೆ. ರಕ್ತಹೀನತೆಗೂ ಕಣ್ಣು ಹಳದಿಗಟ್ಟುವುದಕ್ಕೂ ಇದೇ ಕಾರಣ. ತಾಯಿಯ ಗರ್ಭದಲ್ಲಿದ್ದಾಗ ಶಿಶುವಿನಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳವರೆಗೂ ಅದೇ ಕೂಸನ್ನು ಕಾಯುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಚಿಕಿತ್ಸೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ಈ ವಿಚಿತ್ರ ಕಣಗಳನ್ನು ಮೊದಲು ಬಣ್ಣಿಸಿದವನು ಅಮೆರಿಕದ ಶಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್. ಅವನ ಲೇಖನ ಪ್ರಕಟವಾದುದು 1910ರಲ್ಲಿ. ಅವನು ಕಂಡ ರೋಗಿ ಗ್ರೆನಾಡಾ ದ್ವೀಪದಿಂದ ದಂತವೈದ್ಯ ಶಾಸ್ತ್ರವನ್ನು ಕಲಿಯಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯಲ್ ಎಂಬ ವಿದ್ಯಾರ್ಥಿ. ಪದೇ ಪದೇ ಕಾಯಿಲೆ ಬಿದ್ದರೂ ಆತ ಓದು ಮುಗಿಸಿದನು, ತನ್ನ ದ್ವೀಪಕ್ಕೆ ಮರಳಿ ದಂತವೈದ್ಯನಾಗಿ ದುಡಿದನು, 1916ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡನು. ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲಿ ಎಂದು 1949ರಲ್ಲಿ ಲೈನಸ್ ಪೌಲಿಂಗನೂ ಅವನ ಸಂಗಡಿಗರೂ ತೋರಿಸಿದರು. ನಮ್ಮ ನಾಡಿಗೆ ತೀರ ಹತ್ತಿರದ ಸುದ್ದಿ 1952ರದು. ಆ ವರ್ಷ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಗಿರಿಜನರಲ್ಲಿ ಈ ಗುಣವಿರುವುದನ್ನು ಪ್ರಕಟಿಸಿದರು. ನೀಲಗಿರಿ, ವಯನಾಡು, ಹೆಗ್ಗಡದೇವನಕೋಟೆ ಇವು ಒಂದೇ ಕಾಡಿನ ನೆರೆಹೊರೆಗಳು.

ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಚಾಪೆಯಲ್ಲಿ ಮಲಗಿದರೂ ಬರುವುದಿಲ್ಲ. ತಂದೆ ತಾಯಿಗಳಿಂದ ಮಾತ್ರ ಬರುತ್ತದೆ. ಒಬ್ಬರಿಂದ ಮಾತ್ರ ದೋಷದ ಜೀನು ಬಂದರೆ ಮಗು ವಾಹಕವಾಗುತ್ತದೆ. ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ. ಇಬ್ಬರಿಂದಲೂ ಬಂದರೆ ರೋಗ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ಮೊದಲನೆಯ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ತಿಳಿಯುವುದು ತಪ್ಪು. ಗರ್ಭ ನಿಂತ ಪ್ರತಿಸಲವೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ.

ಇಂತಹ ಕೆಟ್ಟ ಜೀನು ಇಷ್ಟು ಕಾಲ ಉಳಿದುದಾದರೂ ಏಕೆ? ಉತ್ತರ ಮಲೇರಿಯಾದಲ್ಲಿದೆ. ವಾಹಕರಾದವರನ್ನು ತೀವ್ರವಾದ ಮಲೇರಿಯಾ ಅಷ್ಟಾಗಿ ಬಾಧಿಸುವುದಿಲ್ಲವೆಂದು ಆಂಟನಿ ಆಲಿಸನ್ ಎಂಬ ವೈದ್ಯ 1954ರಲ್ಲಿ ಆಫ್ರಿಕದ ಅಧ್ಯಯನದಿಂದ ತೋರಿಸಿದನು. ಚಳಿಜ್ವರ ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ ಈ ಜೀನು ಕಾಡಿನ ಜನರಿಗೆ ಗುರಾಣಿಯಾಗಿತ್ತು. ಮಲೇರಿಯಾ ಹಿಂದೆ ಸರಿಯಿತು, ಗುರಾಣಿಯ ಭಾರ ಮಾತ್ರ ಉಳಿಯಿತು. ಹಾಗೆಂದು ಇದು ಗಿರಿಜನರಿಗೆ ಮಾತ್ರ ಬರುವ ರೋಗವೂ ಅಲ್ಲ. ಆಫ್ರಿಕ, ಅರಬ್ ನಾಡು, ಮೆಡಿಟರೇನಿಯನ್ ತೀರಗಳಲ್ಲೆಲ್ಲ ಇದೆ. ಇದನ್ನು ವಿರಳವಾದ ರೋಗವೆನ್ನುವುದುಂಟು. ವಿರಳ ಹೌದೋ ಅಲ್ಲವೋ ಎಂಬುದು ಎಲ್ಲಿ ನಿಂತು ಎಣಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಮೈಸೂರು ನಗರದ ಬೀದಿಯಲ್ಲಿ ನಿಂತವನಿಗೆ ವಿರಳ, ಹಾಡಿಯ ಅಂಗಳದಲ್ಲಿ ನಿಂತವನಿಗೆ ಹಾಗೆನ್ನಲು ನಾಲಗೆ ಏಳುವುದಿಲ್ಲ.

ಈ ರೋಗದೊಡನೆ ದಿನ ಕಳೆಯುವುದೆಂದರೆ ಸಣ್ಣ ಸಣ್ಣ ಎಚ್ಚರಗಳ ಬಾಳು. ಮೈಯಲ್ಲಿ ನೀರಿನಂಶ ಕಡಮೆಯಾದರೆ, ಚಳಿ ತಾಕಿದರೆ, ಜ್ವರ ಬಂದರೆ, ಅಳತೆ ಮೀರಿ ದುಡಿದರೆ ಕಣಗಳು ಬಾಗುತ್ತವೆ. ಹಾಡಿಯ ಜನ ಕೂಲಿಗಾಗಿ ಹೋಗುವುದು ಕೊಡಗಿನ ಕಾಫಿ ತೋಟಗಳಿಗೆ. ಹಣ್ಣು ಕೊಯ್ಯುವ ಕಾಲವೂ ಬೆಳಗಿನ ಚಳಿ ಕೊರೆಯುವ ಕಾಲವೂ ಒಂದೇ. ಬೇನೆಯಿರುವವನು ಕೂಲಿಯನ್ನು ಬಿಡುವಂತಿಲ್ಲ, ಚಳಿಗೆ ಹೋಗುವಂತಿಲ್ಲ. ವೈದ್ಯರು ಹೇಳುವ ಪಥ್ಯ ಎಷ್ಟು ಸುಲಭವಾಗಿ ಕೇಳಿಸಿದರೂ ಬಡವನ ಮನೆಯಲ್ಲಿ ಅದು ದುಬಾರಿಯಾದುದು.

ಶಾಲೆಯಲ್ಲಿನ ಕಷ್ಟ ಬೇರೆ ಬಗೆಯದು. ಕುಡುಗೋಲು ಕಣಗಳು ಮೂತ್ರಪಿಂಡಗಳನ್ನೂ ಕೆಡಿಸುವುದರಿಂದ ನೀರನ್ನು ಮೈಯಲ್ಲಿ ಹಿಡಿದಿಡುವ ಶಕ್ತಿ ಅವುಗಳಿಗೆ ಕುಗ್ಗುತ್ತದೆ. ಹುಡುಗ ಹೆಚ್ಚು ನೀರು ಕುಡಿಯಲೇಬೇಕು, ಪದೇ ಪದೇ ಹೊರಗೆ ಹೋಗಲೇಬೇಕು. ಪಾಠದ ನಡುವೆ ನಾಲ್ಕು ಸಲ ಎದ್ದು ನಿಲ್ಲುವವನನ್ನು ಕಳ್ಳಾಟವಾಡುತ್ತಾನೆಂದು ಗದರುವುದು ಸುಲಭ. ಆಶ್ರಮಶಾಲೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡ ಎಳೆಯನನ್ನು ಜೊತೆಯವರು ಹಾಸ್ಯ ಮಾಡುತ್ತಾರೆ. ಆಟದ ಬಯಲಿನಲ್ಲಿ ಕುಳಿತವನಿಗೆ ಸೋಮಾರಿಯೆಂಬ ಹೆಸರು. ನಿಮ್ಮ ತರಗತಿಯಲ್ಲಿ ಇಂತಹವನೊಬ್ಬನಿದ್ದರೆ ಆತ ತಿಂಗಳಲ್ಲಿ ನಾಲ್ಕು ದಿನ ಬಾರದೆ ಇದ್ದಾಗ ಟಿಪ್ಪಣಿ ಪುಸ್ತಕವನ್ನು ಕೊಡುವವರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿರುವ 21 ವೈಕಲ್ಯಗಳಲ್ಲಿ ಈ ರೋಗವೂ ಒಂದು ಎಂಬುದನ್ನು ಶಾಲೆಗಳೂ ತಿಳಿದಿರುವುದು ಒಳ್ಳೆಯದು.

ಚಿಕಿತ್ಸೆಯಿಲ್ಲವೆಂದು ಕೈಚೆಲ್ಲುವ ಕಾಲ ಹೋಯಿತು. ಹೊಸ ಕಣಗಳನ್ನು ಕಟ್ಟಲು ನಿತ್ಯವೂ ಫೋಲಿಕ್ ಆಮ್ಲದ ಮಾತ್ರೆ, ಸೋಂಕಿಗೆ ಬೇಗ ತುತ್ತಾಗುವ ಎಳೆಯ ಮಕ್ಕಳಿಗೆ ಪೆನಿಸಿಲಿನ್ ಮತ್ತು ಲಸಿಕೆಗಳು, ತೀರ ಅಗತ್ಯವಾದಾಗ ರಕ್ತ. ರಕ್ತಹೀನತೆಯೆಂದ ಮಾತ್ರಕ್ಕೆ ಕಬ್ಬಿಣದ ಮಾತ್ರೆಯನ್ನು ನುಂಗಿಸಿದರೆ ಆಗದು. ಕಬ್ಬಿಣದ ಕೊರತೆಯಿದೆಯೆಂದು ಪರೀಕ್ಷೆಯಿಂದ ತಿಳಿದಾಗ ಮಾತ್ರ ಅದು ಬೇಕು. ಎಲ್ಲಕ್ಕೂ ಮುಖ್ಯವಾದ ಔಷಧಿ ಹೈಡ್ರಾಕ್ಸಿಯೂರಿಯಾ. ಜರ್ಮನಿಯಲ್ಲಿ 1869ರಲ್ಲಿಯೇ ತಯಾರಾದ ಈ ವಸ್ತು ಬಹುಕಾಲ ರಕ್ತದ ಅರ್ಬುದಕ್ಕೆ ಬಳಕೆಯಾಗುತ್ತಿತ್ತು. ಕುಡುಗೋಲು ರೋಗಿಗಳಲ್ಲಿ ನೋವಿನ ಸರದಿಗಳನ್ನು ಇದು ಹೆಚ್ಚುಕಡಮೆ ಅರ್ಧಕ್ಕೆ ಇಳಿಸುತ್ತದೆಂದು 1995ರಲ್ಲಿ ಅಮೆರಿಕದ ಪ್ರಯೋಗದಿಂದ ತಿಳಿಯಿತು. ಗರ್ಭದಲ್ಲಿ ಶಿಶುವನ್ನು ಕಾಯ್ದಿದ್ದ ಹಳೆಯ ಹಿಮೋಗ್ಲೋಬಿನ್ನನ್ನು ಈ ಔಷಧಿ ಮತ್ತೆ ಹೆಚ್ಚಿಸುತ್ತದೆ. ಆದರೆ ಇದು ರೋಗವನ್ನು ಕಳೆಯುವುದಿಲ್ಲ, ತಡೆದಿಡುತ್ತದೆ. ನೋವಿರಲಿ ಇಲ್ಲದಿರಲಿ ದಿನವೂ ಸೇವಿಸಬೇಕು. ಅಳತೆ ಹೆಚ್ಚಾದರೆ ಬಿಳಿಯ ಕಣಗಳು ಇಳಿಯುವುದರಿಂದ ಆಗಾಗ ರಕ್ತಪರೀಕ್ಷೆಯಾಗಬೇಕು. ಬಸಿರಾಗಬಯಸುವ ಹೆಣ್ಣು ಮೊದಲೇ ವೈದ್ಯರನ್ನು ಕಾಣಬೇಕು. ಕಷ್ಟವಿರುವುದು ಇಲ್ಲಿಯೇ. ನೋವು ನಿಂತ ಮೇಲೂ ಔಷಧಿಯನ್ನು ನುಂಗಬೇಕೆಂದರೆ ನಂಬುವುದು ಯಾರಿಗೂ ಸುಲಭವಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಸೋಲಿಗರಲ್ಲಿ ಈ ರೋಗವನ್ನು ಗುರುತಿಸಿ ಆರೈಕೆಗೆ ತೊಡಗಿದರು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, 1984ರಲ್ಲಿ, ಗೆಳೆಯರೊಡನೆ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಗಿರಿಜನರ ನಡುವೆ ನೆಲೆನಿಂತು ಸರಗೂರಿನಲ್ಲಿ ಆಸ್ಪತ್ರೆಯನ್ನು ಕಟ್ಟಿತು. 2023ರ ಜುಲೈ 1ರಂದು ಭಾರತ ಸರ್ಕಾರ 2047ರೊಳಗೆ ಈ ರೋಗವನ್ನು ನಿವಾರಿಸುವ ಉದ್ದೇಶದಿಂದ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆ ಅದರ ಗುರಿ. ಪರೀಕ್ಷೆಯಾದವರಿಗೆ ಫಲಿತಾಂಶದ ಕಾರ್ಡನ್ನು ಕೊಡುತ್ತಾರೆ. ಮದುವೆಗೆ ಮೊದಲು ಗಂಡೂ ಹೆಣ್ಣೂ ತಮ್ಮ ಕಾರ್ಡುಗಳನ್ನು ಹೋಲಿಸಿ ನೋಡಿಕೊಳ್ಳಲೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಹೆಣ್ಣಿನ ಕಾರ್ಡನ್ನು ಮಾತ್ರ ಕೇಳಿ ಗಂಡಿನದನ್ನು ಕೇಳದ ಹಿರಿಯರು ಎಲ್ಲ ಸಮಾಜಗಳಲ್ಲೂ ಇದ್ದಾರೆ. ವಾಹಕಳಾದವಳು ರೋಗಿಯಲ್ಲ, ವಾಹಕನಲ್ಲದವನನ್ನು ಆಕೆ ಮದುವೆಯಾದರೆ ಅವಳ ಮಕ್ಕಳಿಗೆ ಈ ರೋಗ ಬರುವುದಿಲ್ಲ.

ರೋಗವನ್ನು ಬೇರುಸಹಿತ ಕೀಳುವ ಮಾರ್ಗಗಳೂ ಇವೆ. ಅಸ್ಥಿಮಜ್ಜೆಯ ಕಸಿಯಿಂದ ಈ ರೋಗ ವಾಸಿಯಾದ ಸುದ್ದಿ 1984ರಲ್ಲಿ ಮೊದಲು ಬಂತು. ಅದಕ್ಕೆ ಒಪ್ಪುವ ದಾನಿ ಸಿಕ್ಕಬೇಕು. 2023ರ ಕೊನೆಯಲ್ಲಿ ಬ್ರಿಟನ್ನೂ ಅಮೆರಿಕವೂ ರೋಗಿಯ ಜೀನನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆಯಿತ್ತವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರು. ಹಾಡಿಯ ತಾಯಿ ಕೇಳುವ ಪ್ರಶ್ನೆ ಅಷ್ಟು ದೊಡ್ಡದಲ್ಲ. ಈ ತಿಂಗಳ ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದೆಯೇ, ಇಲ್ಲ ಕೂಲಿ ಕಳೆದುಕೊಂಡು ಬಸ್ಸು ಹತ್ತಿ ಮೈಸೂರಿಗೇ ಹೋಗಬೇಕೇ ಎಂಬುದಷ್ಟೇ ಅವಳ ಪ್ರಶ್ನೆ.